ಪೇಟೆ ನಡುವಿನ ಹಳೇ ಟಾಕೀಸು: ಶಿವಮೊಗ್ಗ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಆಟೋದವರಿಗೆ ‘ಲಕ್ಷ್ಮೀ ಟಾಕೀಸ್ ಸರ್ಕಲ್’ ಅಂದರೆ ಸಾಕು, ಮುಂದೆ ಏನೂ ಹೇಳಬೇಕಿಲ್ಲ. ಸಾಗರ, ತೀರ್ಥಹಳ್ಳಿ, ಭದ್ರಾವತಿ, ಶಿಕಾರಿಪುರ ಎಲ್ಲಿ ಹೋದರೂ ಟಾಕೀಸಿನ ಹೆಸರಲ್ಲಿ ದಾರಿ ಹೇಳುವವರು ಸಿಗುತ್ತಾರೆ. ಆದರೆ ಆ ಕಟ್ಟಡ ಯಾವ ಕಾಲದ್ದು, ಯಾಕೆ ಹಾಗಿದೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಇಲ್ಲಿರುವ ಉತ್ತರಗಳು ಯಾವುದೋ ಒಂದು ಟಾಕೀಸಿನ ಚರಿತ್ರೆಯಲ್ಲ. ನಿಮ್ಮೂರಿನ ಕಟ್ಟಡವನ್ನು ನೀವೇ ಓದಿಕೊಳ್ಳುವುದಕ್ಕೆ ಬೇಕಾದಷ್ಟು ವಿವರ ಇಲ್ಲಿದೆ.

ನಮ್ಮೂರ ಟಾಕೀಸಿಗೆ ನೂರು ವರ್ಷ ಆಯ್ತು ಅಂತಾರೆ. ನಿಜವಾ?

ಟಾಕೀಸು ಅಂತಲೇ ಕಟ್ಟಿದ್ದಾದರೆ ಸಾಧ್ಯವಿಲ್ಲ. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಮುಂಬೈಯಲ್ಲಿ ತೆರೆಕಂಡಿದ್ದು 1931ರ ಮಾರ್ಚ್ 14ರಂದು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ಬಿಡುಗಡೆಯಾಗಿದ್ದು 1934ರ ಮಾರ್ಚ್ 3ರಂದು. ಅದಕ್ಕೂ ಹಿಂದೆ ಮೂಕಿ ಚಿತ್ರಗಳಿದ್ದವು, ನಿಜ. ಅವು ಬಹುಪಾಲು ಡೇರೆಯಲ್ಲೋ ನಾಟಕದ ಕೊಟ್ಟಿಗೆಯಲ್ಲೋ ನಡೆದುಹೋಗುತ್ತಿದ್ದವು. ಮಲೆನಾಡಿನ ಸಣ್ಣ ಪೇಟೆಗಳಿಗೆ ಕಾಯಂ ಟಾಕೀಸು ಬಂದಿದ್ದು ನಿಧಾನಕ್ಕೆ.

ಗೋಡೆ ಮಾತ್ರ ಟಾಕೀಸಿಗಿಂತ ಹಳೆಯದು ಇರಬಹುದು. ಅಡಿಕೆ ಗೋದಾಮು, ಅಕ್ಕಿ ಗಿರಣಿ, ನಾಟಕದ ಥಿಯೇಟರು ಆಮೇಲೆ ಟಾಕೀಸಾಗಿದ್ದುಂಟು. ನೂರು ವರ್ಷ ಅನ್ನುವವರ ಮಾತಿನಲ್ಲಿ ಸತ್ಯ ಇದ್ದರೆ ಅದು ಈ ಭಾಗದಲ್ಲಿರುತ್ತದೆ.

ಮೊದಲು ನಾಟಕದ ಥಿಯೇಟರ್ ಆಗಿತ್ತಾ ಅಂತ ಹೇಗೆ ಗೊತ್ತಾಗುತ್ತದೆ?

ತೆರೆಯ ಮುಂದೆ ನಿಂತು ನೋಡಿ. ಸಿನಿಮಾಕ್ಕೆಂದೇ ಕಟ್ಟಿದ ಟಾಕೀಸಿನಲ್ಲಿ ತೆರೆಯ ಹಿಂದೆ ಸ್ಪೀಕರ್ ಇಡುವಷ್ಟು ಜಾಗ ಇದ್ದರೆ ಮುಗಿಯಿತು. ತೆರೆಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಸದ್ದು ಅದರ ಮೂಲಕವೇ ಬರುತ್ತದೆ. ನಾಟಕದ ಕಟ್ಟಡವಾದರೆ ಅಲ್ಲಿ ಆಳವಾದ ರಂಗ, ಎಡಬಲಕ್ಕೆ ಬಣ್ಣದ ಕೋಣೆ, ಪರದೆ ಎತ್ತುವಷ್ಟು ಎತ್ತರದ ಮಾಡು, ಹಿಂದುಗಡೆ ಗಾಡಿಯಿಂದ ಸೀನರಿ ಇಳಿಸಿಕೊಳ್ಳುವಷ್ಟು ಅಗಲದ ಬಾಗಿಲು ಇರುತ್ತದೆ. ಆ ಬಾಗಿಲನ್ನು ಆಮೇಲೆ ಇಟ್ಟಿಗೆಯಿಟ್ಟು ಮುಚ್ಚಿರುತ್ತಾರೆ, ಗುರುತು ಹೋಗುವುದಿಲ್ಲ.

ಕಂಪನಿ ನಾಟಕ ಬೇರೆ, ಸಿನಿಮಾ ಬೇರೆ ಅಂತ ಈಗ ನಮಗೆ ಅನ್ನಿಸುತ್ತದೆ. ಆಗ ಎರಡೂ ಕಡೆ ಇದ್ದವರು ಅದೇ ಜನ. ‘ಸತಿ ಸುಲೋಚನ’ದಲ್ಲಿ ಪಾತ್ರ ಮಾಡಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಾಟಕ ಕಂಪನಿ ನಡೆಸಿದವರು. ಗುಬ್ಬಿ ವೀರಣ್ಣನವರ ಕಂಪನಿಯಿಂದ ಬೆಳ್ಳಿತೆರೆಗೆ ಹೋದವರನ್ನು ಎಣಿಸುತ್ತ ಕೂತರೆ ಈ ಪುಟ ಸಾಲದು. ಒಂದೇ ಕಟ್ಟಡದಲ್ಲಿ ಜಾತ್ರೆ ಹೊತ್ತಿಗೆ ನಾಟಕ, ಉಳಿದ ದಿನ ಸಿನಿಮಾ ನಡೆದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಜಾತ್ರೆ ಎಂದರೆ ನಾಟಕ ಕಂಪನಿಗಳಿಗೆ ಸುಗ್ಗಿ.

ಡೇರೆ ಹಾಕಿದರೆ ಸಿನಿಮಾ ನಡೆಯುತ್ತಿತ್ತಲ್ಲ, ಅಷ್ಟು ದುಡ್ಡು ಹಾಕಿ ಕಟ್ಟಡ ಯಾಕೆ ಕಟ್ಟಿಸಿದರು?

ಮಳೆಗೆ. ಈ ಸೀಮೆಯ ಟಾಕೀಸಿನ ಚರಿತ್ರೆಯನ್ನು ಮಾಲೀಕರ ಹೆಸರಿನಿಂದ, ಮೊದಲು ಓಡಿದ ಚಿತ್ರದಿಂದ ಶುರುಮಾಡುವವರೇ ಎಲ್ಲರೂ. ನಾನಾದರೆ ಮಳೆಗಾಲದಿಂದ ಶುರುಮಾಡುತ್ತೇನೆ.

ಬಯಲುಸೀಮೆಯಲ್ಲಿ ಟೂರಿಂಗ್ ಟಾಕೀಸಿನ ಡೇರೆಯನ್ನು ವರ್ಷದ ಬಹುಪಾಲು ದಿನ ನಡೆಸಬಹುದು. ಘಟ್ಟದ ಮೇಲೆ ಆ ಮಾತೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ. ಶಿವಮೊಗ್ಗ ಪೇಟೆ ಮಲೆನಾಡಿನ ಮೂಡಣ ಅಂಚಿನಲ್ಲಿರುವುದರಿಂದ ಅಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯ ಮಾಡಿನ ಕೆಳಗೆ ಯಂತ್ರ ಇಡುವ ಧೈರ್ಯ ಯಾರಿಗೂ ಬರುವುದಿಲ್ಲ. ಹಾಗಾಗಿ ಡೇರೆಯವರು ದೀಪಾವಳಿ ಕಳೆದ ಮೇಲೆ ಗೂಟ ಹೊಡೆದು, ಮುಂಗಾರಿನ ಮೊದಲ ಗುಡುಗಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಕರಾವಳಿ, ಮಲೆನಾಡಿನ ಯಕ್ಷಗಾನ ಮೇಳಗಳ ತಿರುಗಾಟದ ಲೆಕ್ಕವೂ ಇದೇ.

ಅಂದರೆ ವರ್ಷದಲ್ಲಿ ನಾಲ್ಕೈದು ತಿಂಗಳು ವ್ಯಾಪಾರ ಸೊನ್ನೆ. ಅದೇ ನಾಲ್ಕೈದು ತಿಂಗಳು ಪೇಟೆಯವರಿಗೆ ಮನರಂಜನೆಯೂ ಸೊನ್ನೆ. ಗೋಡೆ ಕಟ್ಟಿ ಹಂಚು ಹೊದಿಸಿದವನಿಗೆ ಎದುರಾಳಿಯೇ ಇರಲಿಲ್ಲ. ಇದಕ್ಕೆ ಲೈಸೆನ್ಸಿನ ಲೆಕ್ಕಾಚಾರವೂ ಸೇರಿತು. ನಮ್ಮ ರಾಜ್ಯದ ನಿಯಮಗಳಲ್ಲಿ ಕಾಯಂ, ಅರೆ ಕಾಯಂ, ಟೂರಿಂಗ್ ಅಂತ ಬೇರೆ ಬೇರೆ ಬಗೆಯ ಲೈಸೆನ್ಸುಗಳಿವೆ. ಟೂರಿಂಗಿನವನು ಒಂದೇ ಜಾಗದಲ್ಲಿ ಬೇರೂರುವಂತಿಲ್ಲ, ಕಾಯಂನವನಿಗೆ ಆ ಕಾಟವಿಲ್ಲ.

ಅಡಿಕೆಯನ್ನೂ ಮರೆಯಬೇಡಿ. ಕೊಯ್ಲು ಮುಗಿದು, ಸುಲಿದು ಬೇಯಿಸಿ ಒಣಗಿಸಿ, ಮಂಡಿಗೆ ಹಾಕಿ ಕೈಗೆ ದುಡ್ಡು ಬರುವ ಹೊತ್ತಿಗೆ ಹಳ್ಳಿಯವರು ಪೇಟೆಗೆ ಬರುತ್ತಾರೆ. ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸ್ ಶುರುವಾಗಿದ್ದು 1939ರಲ್ಲಿ, ಶಿವಮೊಗ್ಗದಲ್ಲೇ. ಭದ್ರಾವತಿಯಲ್ಲಂತೂ 1923ರಿಂದ ಕಬ್ಬಿಣದ ಕಾರ್ಖಾನೆ, ಆಮೇಲೆ ಕಾಗದದ ಕಾರ್ಖಾನೆ. ತಿಂಗಳಿಗೊಮ್ಮೆ ಸಂಬಳ ಎಣಿಸುವ, ಪಾಳಿ ಮುಗಿಸಿ ಬರುವ ಜನ ಇರುವ ಊರಲ್ಲಿ ಟಾಕೀಸು ಹಾಕುವುದಕ್ಕೆ ಪಂಚಾಂಗ ನೋಡಬೇಕಿಲ್ಲ.

ಹೊರಗೆ ಅಷ್ಟು ಉದ್ದದ ಜಗಲಿ ಯಾಕೆ?

ಅದೂ ಮಳೆಗೇ. ಕ್ಯೂ ನಿಂತವರು ನೆನೆಯಬಾರದು, ಕೊಡೆ ಕಂಬಳಿಕೊಪ್ಪೆ ಒದ್ದೆಯಾಗಿ ಒಳಗೆ ಬರಬಾರದು. ಪಡುವಣ ಗೋಡೆಯನ್ನು ಒಮ್ಮೆ ಸುತ್ತಿ ನೋಡಿ. ಮುಂಗಾರಿನ ಗಾಳಿ ಹೊಡೆಯುವುದು ಆ ಕಡೆಯಿಂದ. ಜಂಬಿಟ್ಟಿಗೆಯ ಗೋಡೆಯಾದರೆ ಗಾರೆ ಕಿತ್ತು, ಹಾವಸೆ ಕಟ್ಟಿ ಆಳೆತ್ತರದವರೆಗೆ ಕಪ್ಪಾಗಿರುತ್ತದೆ. ಕೆಲವು ಕಡೆ ಆ ಮಗ್ಗುಲಿಗೆ ಮಾತ್ರ ತಗಡು ಹೊಡೆದಿರುತ್ತಾರೆ, ಮನೆಗಳಲ್ಲಿ ಸೋಗೆ ತಟ್ಟಿ ಕಟ್ಟುವ ಜಾಗದಲ್ಲಿ.

ಮಳೆ ಹೊಡೆಯುವಾಗ ಒಳಗೆ ಮಾತು ಕೇಳುತ್ತಿತ್ತಾ?

ಹಂಚಿನ ಮಾಡಾದರೆ ಪರವಾಗಿಲ್ಲ. ತಗಡಾದರೆ ದೇವರೇ ಗತಿ. ಆಪರೇಟರ್ ಸೌಂಡು ಏರಿಸುತ್ತಾನೆ, ಮಳೆಯೂ ಏರಿಸುತ್ತದೆ. ಡೈಲಾಗು ಬಾಯಿಪಾಠ ಆಗಿದ್ದವರಿಗೆ ಮಾತ್ರ ಪೂರ್ತಿ ಕಥೆ.

ಜೋಗದ ಕರೆಂಟು ಬಂದಿದ್ದರಿಂದ ಟಾಕೀಸುಗಳು ಬಂದವಾ?

ಅರ್ಧ ಸರಿ. ಜೋಗದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿದ್ದು 1948ರಲ್ಲಿ. ಕರೆಂಟಿಲ್ಲದೆಯೂ ಸಿನಿಮಾ ನಡೆಯುತ್ತಿತ್ತು, ಟೆಂಟಿನವರು ಎಣ್ಣೆ ಎಂಜಿನ್ ಹೊತ್ತುಕೊಂಡೇ ಊರೂರು ತಿರುಗುತ್ತಿದ್ದರು. ಹಳೇ ಟಾಕೀಸಿನ ಹಿಂದೆ ಮುಖ್ಯ ಕಟ್ಟಡಕ್ಕೆ ತಾಗದ ಹಾಗೆ, ನೆಲದಲ್ಲಿ ದಪ್ಪ ಬೋಲ್ಟು ಎದ್ದಿರುವ ಸಣ್ಣ ಕೊಟ್ಟಿಗೆ ಕಂಡರೆ ಅದು ಎಂಜಿನ್ ರೂಮು. ಕಾಯಂ ಕರೆಂಟು ಬಂದ ಮೇಲೆ ಖರ್ಚು ಇಳಿಯಿತು, ಆಟಗಳು ಹೆಚ್ಚಿದವು. ಎಂಜಿನ್ ಮಾತ್ರ ಹೋಗಲಿಲ್ಲ. ಕರೆಂಟು ಹೋದಾಗ ಜನ ಸುಮ್ಮನಿರಬೇಕಲ್ಲ!

ಅಂದಹಾಗೆ ರೈಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ, ಅದು ತಾಳಗುಪ್ಪ ಮುಟ್ಟಿದ್ದು 1940ರ ಹೊತ್ತಿಗೆ. ಬೆಂಗಳೂರಿನ ಗಾಂಧಿನಗರದಿಂದ ಹೊರಟ ರೀಲಿನ ಡಬ್ಬ ರೈಲಿನಲ್ಲೋ ಬಸ್ಸಿನ ಟಾಪಿನ ಮೇಲೋ ಬಂದು ಇಳಿಯಬೇಕಿತ್ತು. ಡಬ್ಬ ಬರಲಿಲ್ಲ ಅಂದರೆ ಶುಕ್ರವಾರದ ಹೊಸ ಚಿತ್ರವೂ ಇಲ್ಲ.

ಬಾಲ್ಕನಿಯ ಹಿಂದೆ ಮೇಲೆ ಪುಟ್ಟ ಕೋಣೆ, ಗೋಡೆಯಲ್ಲಿ ನಾಲ್ಕು ಕಿಂಡಿ, ಮಾಡಿನ ಮೇಲೊಂದು ತಗಡಿನ ಕೊಳವೆ. ಏನದು?

ಅದು ಕ್ಯಾಬಿನ್ನು. ಇಡೀ ಕಟ್ಟಡದಲ್ಲಿ ಜಾಸ್ತಿ ಹೊತ್ತು ನಿಂತು ನೋಡಬೇಕಾದ ಜಾಗ.

ಕಿಂಡಿಗಳು ಜೋಡಿ ಜೋಡಿಯಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಬೆಳಕು ಹೋಗುವುದಕ್ಕೆ, ಇನ್ನೊಂದು ಆಪರೇಟರ್ ಕಣ್ಣಿಟ್ಟು ನೋಡುವುದಕ್ಕೆ. ಎರಡು ಜೋಡಿ ಅಂದರೆ ಎರಡು ಯಂತ್ರ. ಎರಡು ಯಾಕೆ ಅಂದರೆ ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷದಲ್ಲಿ ಖಾಲಿ. ಎರಡು ರೀಲು ಸೇರಿಸಿ ಸುತ್ತಿಕೊಂಡರೂ ಇಪ್ಪತ್ತೆರಡು ನಿಮಿಷ. ಒಂದು ಯಂತ್ರದಲ್ಲಿ ಮುಗಿಯುವುದಕ್ಕೂ ಇನ್ನೊಂದರಲ್ಲಿ ಶುರುವಾಗುವುದಕ್ಕೂ ಕೂದಲೆಳೆ ಅಂತರವೂ ಕಾಣಬಾರದು. ಅದಕ್ಕೇ ಚಿತ್ರದ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತಿತ್ತು, ಕೆಲವು ಸೆಕೆಂಡಿನಲ್ಲಿ ಮತ್ತೊಂದು. ಮೊದಲ ಚುಕ್ಕಿಗೆ ಎರಡನೇ ಯಂತ್ರದ ಮೋಟಾರು ಶುರು, ಎರಡನೇ ಚುಕ್ಕಿಗೆ ಬೆಳಕು ಬದಲು. ಹಳೇ ಪ್ರೇಕ್ಷಕರು ಚುಕ್ಕಿ ಕಂಡಿದ್ದಾರೆ, ಯಾಕೆ ಅಂತ ಕೇಳಿದವರು ಕಡಿಮೆ.

ಕೊಳವೆ ಹೊಗೆ ಹೋಗುವುದಕ್ಕೆ. ಆಗ ಯಂತ್ರದಲ್ಲಿ ಬಲ್ಬು ಇರಲಿಲ್ಲ. ಎರಡು ಇಂಗಾಲದ ಕಡ್ಡಿಗಳ ತುದಿಗಳ ನಡುವೆ ಕಿಡಿ ಹತ್ತಿಸಿ, ಆ ಉರಿಯ ಬೆಳಕನ್ನು ಕನ್ನಡಿಯಿಂದ ಹಾಯಿಸುತ್ತಿದ್ದರು. ಕಡ್ಡಿ ಸವೆದ ಹಾಗೆ ನಡುವಿನ ಅಂತರವನ್ನು ಆಪರೇಟರ್ ಆಗಾಗ ಸರಿಮಾಡುತ್ತಲೇ ಇರಬೇಕು. ಬೀಡಿ ಸೇದಲು ಹೋಗಿ ತಡಮಾಡಿದನೋ, ತೆರೆಯ ಮೇಲೆ ಹಗಲು ಹೋಗಿ ಸಂಜೆಯಾಗುತ್ತದೆ, ಕೆಳಗಿನಿಂದ ಶಿಳ್ಳೆ ಏಳುತ್ತದೆ. ನೆಲದ ಮೂಲೆಗಳಲ್ಲಿ ಬೆರಳುದ್ದದ, ತಾಮ್ರದ ಬಣ್ಣದ ಸಿಪ್ಪೆ ಇರುವ ಕರಿಕಡ್ಡಿಗಳು ಈಗಲೂ ಸಿಗುತ್ತವೆ, ಹೆಕ್ಕಿ ನೋಡಿ.

ಕಿಂಡಿಗಳ ಮೇಲೆ ಕಬ್ಬಿಣದ ಹಲಗೆ ಜಾರಿ ಬೀಳುವ ಹಾಗೆ ಕೂರಿಸಿದ್ದರೆ, ಕ್ಯಾಬಿನ್ನಿಗೆ ಹೋಗುವ ಮೆಟ್ಟಿಲು ಸಭಾಂಗಣದ ಒಳಗಿಂದಲ್ಲದೆ ಹೊರಗಿಂದ ಇದ್ದರೆ, ಅದಕ್ಕೆ ಕಾರಣ ಬೆಂಕಿ. ಹಳೇ ನೈಟ್ರೇಟ್ ಫಿಲ್ಮು ಹತ್ತಿಕೊಂಡರೆ ನೀರು ಸುರಿದರೂ ಆರುವುದಿಲ್ಲ. 1950ರ ದಶಕದ ಆರಂಭಕ್ಕೆ ಅದರ ತಯಾರಿಕೆ ನಿಂತು ಸೇಫ್ಟಿ ಫಿಲ್ಮು ಬಂತು. ಕಾನೂನು ಮಾತ್ರ ಬೆಂಕಿಯ ಬಗೆಗಿನ ಎಚ್ಚರ ಬಿಡಲಿಲ್ಲ. ಬಿಡದಿದ್ದದ್ದೇ ಸರಿ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರಲ್ಲ, ಅಲ್ಲಿ ಬೆಂಕಿ ಹುಟ್ಟಿದ್ದು ಟ್ರಾನ್ಸ್‌ಫಾರ್ಮರಿನಲ್ಲಿ, ಫಿಲ್ಮಿನಲ್ಲಲ್ಲ.

ಒಂದು ಹಾಲಿಗೆ ಅಷ್ಟೊಂದು ಬಾಗಿಲು, ಅಷ್ಟೊಂದು ಟಿಕೆಟ್ ಕಿಂಡಿ ಯಾಕೆ?

ಬಾಗಿಲು ಬೆಂಕಿಗೆ ಹೆದರಿ. ಟಿಕೆಟ್ ಕಿಂಡಿ ಮನುಷ್ಯರಿಗೆ ಹೆದರಿ. ತೆರೆಯ ಮುಂದಿನ ಗಾಂಧಿ ಕ್ಲಾಸಿಗೆ ಬೇರೆ ದಾರಿ, ಬೆಂಚಿಗೆ ಬೇರೆ, ಬಾಲ್ಕನಿಗೆ ಮೆಟ್ಟಿಲಿನ ದಾರಿ. ಹೆಂಗಸರಿಗೆ ಬೇರೆ ಕಿಂಡಿ. ನಾಲ್ಕಾಣೆ ಕೊಟ್ಟವನೂ ಎರಡು ರೂಪಾಯಿ ಕೊಟ್ಟವನೂ ಒಂದೇ ಚಿತ್ರ ನೋಡಬಹುದು, ಆದರೆ ಒಂದೇ ಬಾಗಿಲಲ್ಲಿ ಹೋಗುವಂತಿರಲಿಲ್ಲ. ಈ ಏರ್ಪಾಟಿಗೆ ಗಾಂಧೀಜಿಯ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನ ಕುಹಕಕ್ಕೆ ಕೈಮುಗಿಯಬೇಕು.

ಟಿಕೆಟ್ ಕಿಂಡಿಯ ಮುಂದೆ ಒಬ್ಬನೇ ಹಾಯುವಷ್ಟು ಇಕ್ಕಟ್ಟಾಗಿ ಕಬ್ಬಿಣದ ಸರಳಿನ ಓಣಿ ಇರುತ್ತದೆ, ಮೇಲೂ ಸರಳು. ಮೇಲೆ ಯಾಕೆ ಅಂದರೆ ತಲೆಗಳ ಮೇಲೆ ನಡೆದುಕೊಂಡು ಬರುವವರಿದ್ದರು. ಸುಳ್ಳಲ್ಲ.

ತೆರೆಯ ಎರಡೂ ಪಕ್ಕದಲ್ಲಿ ಗೋಡೆ ಒಡೆದು ಅಗಲ ಮಾಡಿದ ಗುರುತಿದೆ.

ಸಿನಿಮಾಸ್ಕೋಪಿನ ಕೆಲಸ. ಮೊದಲಿನ ಚಿತ್ರ ಹೆಚ್ಚುಕಡಿಮೆ ಚೌಕ, ಮೂರು ಅಡಿ ಎತ್ತರಕ್ಕೆ ನಾಲ್ಕು ಅಡಿ ಅಗಲ. 1953ರಲ್ಲಿ ಹಾಲಿವುಡ್ಡಿನಲ್ಲಿ ಶುರುವಾದ ಸ್ಕೋಪು ಎತ್ತರದ ಎರಡೂವರೆ ಪಟ್ಟು ಅಗಲ. ನಮ್ಮ ಕಡೆಯ ಟಾಕೀಸುಗಳು ಅದಕ್ಕೆ ಒಗ್ಗಿಕೊಂಡಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಜಾಗ ಇದ್ದವರು ಗೋಡೆ ಒಡೆದರು, ಇಲ್ಲದವರು ಚಿತ್ರವನ್ನೇ ಕುಗ್ಗಿಸಿ ಮೇಲೆ ಕೆಳಗೆ ಕಪ್ಪು ಬಟ್ಟೆ ಬಿಟ್ಟರು.

ಒಂದೇ ಪ್ರಿಂಟನ್ನು ಎರಡು ಟಾಕೀಸಿನಲ್ಲಿ ಓಡಿಸುತ್ತಿದ್ದರು ಅನ್ನುವುದು ನಿಜವಾ?

ನಿಜ. ಅರ್ಧ ಗಂಟೆ ಹೆಚ್ಚುಕಡಿಮೆ ಮಾಡಿ ಎರಡೂ ಕಡೆ ಆಟ ಶುರುಮಾಡುವುದು, ಇಲ್ಲಿ ಮುಗಿದ ರೀಲನ್ನು ಸೈಕಲ್ಲಿನಲ್ಲಿ ಹುಡುಗ ಅಲ್ಲಿಗೆ ಮುಟ್ಟಿಸುವುದು. ಸೈಕಲ್ಲಿಗೆ ಪಂಕ್ಚರ್ ಆದರೆ ಅಲ್ಲಿ ಇಂಟರ್‌ವಲ್ ಎರಡು ಸಲ.

ಮುಚ್ಚಿದ ಟಾಕೀಸಿನಲ್ಲಿ ರಾತ್ರಿ ಸದ್ದು ಬರುತ್ತದಂತೆ.

ಬಾವಲಿ.

ಯಾಕೆ ಮುಚ್ಚಿದವು? ಟಿವಿಯಿಂದಲಾ, ಮೊಬೈಲಿನಿಂದಲಾ?

ಟಿವಿ ಮೇಲೆ ಹೊರೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. 1987-88ರಲ್ಲಿ ರಾಮಾಯಣ ಬರುತ್ತಿದ್ದ ಭಾನುವಾರದ ಬೆಳಗ್ಗೆ ರಸ್ತೆಗಳೇ ಖಾಲಿ, ಸರಿ. ವಿಡಿಯೋ, ಕೇಬಲ್ಲು ಬಂದವು, ಅದೂ ಸರಿ. ಅಷ್ಟಾದರೂ ಎಷ್ಟೋ ಟಾಕೀಸುಗಳು ತಡೆದುಕೊಂಡವು. ಆಮೇಲಿನ ಪೆಟ್ಟು ಡಿಜಿಟಲ್ಲಿನದು. ರೀಲಿನ ಪ್ರಿಂಟು ಹಾಕುವುದನ್ನೇ ನಿಲ್ಲಿಸಿದಾಗ ಹೊಸ ಯಂತ್ರ ತರಬೇಕಾಯಿತು, ಇಲ್ಲವೇ ಬಾಗಿಲು ಹಾಕಬೇಕಾಯಿತು. 2020ರ ಮಾರ್ಚಿನ ಲಾಕ್‌ಡೌನ್ ಉಳಿದಿದ್ದವರನ್ನೂ ಅಲ್ಲಾಡಿಸಿತು.

ಆದರೆ ನನ್ನ ಅಭಿಪ್ರಾಯ ಕೇಳಿದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ನೆಲದ ಬೆಲೆ. ಕಟ್ಟುವಾಗ ಪೇಟೆಯ ಅಂಚಿನಲ್ಲಿದ್ದ ಜಾಗ ಊರು ಬೆಳೆದು ನಟ್ಟನಡುವಿಗೆ ಬಂದಿದೆ. ಬಿ.ಎಚ್. ರಸ್ತೆ, ನೆಹರೂ ರಸ್ತೆ, ದುರ್ಗಿಗುಡಿ, ಗಾಂಧಿ ಬಜಾರು ಸುತ್ತಿದರೆ ಒಂದು ಅಂಗಡಿ ಮಳಿಗೆಗೆ ಎಷ್ಟು ಬಾಡಿಗೆ ಅಂತ ಯಾರಾದರೂ ಹೇಳುತ್ತಾರೆ. ನಾಲ್ಕು ಆಟ ಹೌಸ್‌ಫುಲ್ ಆದರೂ ಆ ಬಾಡಿಗೆಗೆ ಸಮ ಬರುವುದಿಲ್ಲ. ಮಾಲೀಕರ ಮೂರನೇ ತಲೆಮಾರಿನವರು ಕಾಂಪ್ಲೆಕ್ಸ್ ಕಟ್ಟಿಸಿದರೆ ಅವರನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಹೆಗ್ಗೋಡಿನ ರಂಗಮಂದಿರವೂ ಇದೇ ಸಾಲಿಗೆ ಸೇರುತ್ತದಾ?

ಇಲ್ಲ, ಅದು ಬೇರೆಯೇ ಕಥೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್ ಹುಟ್ಟಿದ್ದು 1949ರಲ್ಲಿ, ಅಲ್ಲಿನ ಶಿವರಾಮ ಕಾರಂತ ರಂಗಮಂದಿರ ಆಗಿದ್ದು 1972ರಲ್ಲಿ. ಟಿಕೆಟ್ಟಿನ ಲಾಭಕ್ಕೆ ಕಟ್ಟಿದ ಕಟ್ಟಡವಲ್ಲ, ಪೇಟೆಯಲ್ಲೂ ಇಲ್ಲ. ಆದರೆ ಸಾಗರ ಪೇಟೆಯಲ್ಲಿ ಶುಕ್ರವಾರದ ಚಿತ್ರ ಓಡುತ್ತಿದ್ದ ಕಾಲದಲ್ಲೇ ಅಲ್ಲಿಗೆ ಸಮೀಪದ ಈ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸುತ್ತಿದ್ದರು. ಟಾಕೀಸಿನ ಚರಿತ್ರೆ ಬರೆಯುವವರು ಇದನ್ನು ಬಿಟ್ಟರೆ ಮಲೆನಾಡಿನ ಪ್ರೇಕ್ಷಕನ ಅರ್ಧ ಮುಖ ಬಿಟ್ಟ ಹಾಗೆ.

ಸರ್ಕಾರಕ್ಕೆ ಬರೆದರೆ ಸ್ಮಾರಕ ಅಂತ ಉಳಿಸುತ್ತಾರಾ?

ಕಷ್ಟ. ಪ್ರಾಚೀನ ಸ್ಮಾರಕಗಳ ಕಾನೂನು ಕೇಳುವುದು ನೂರು ವರ್ಷ. ಶಿವಪ್ಪ ನಾಯಕನ ಅರಮನೆ ವಸ್ತುಸಂಗ್ರಹಾಲಯವಾಗಿ ಉಳಿದ ಹಾಗೆ ಟಾಕೀಸು ಉಳಿಯುವುದಿಲ್ಲ. ಖಾಸಗಿ ಆಸ್ತಿ ಬೇರೆ. ಉಳಿಸುವ ಆಸೆಯಿದ್ದರೆ ಮೊದಲು ಅಳತೆ ತೆಗೆದು, ಕ್ಯಾಬಿನ್ನು, ಕಿಂಡಿ, ರಂಗ, ಮಾಡಿನ ಮರ ಎಲ್ಲದರ ಫೋಟೋ ತೆಗೆದಿಡಿ. ಮಾಲೀಕರ ಒಪ್ಪಿಗೆ ಕೇಳಿ ಹೋಗಿ, ಬೀಗ ಒಡೆದು ನುಗ್ಗಬೇಡಿ. ಮಳೆ ತಿಂದ ಮಾಡು ಯಾವಾಗ ಇಳಿಯುತ್ತದೋ ಹೇಳಲಾಗುವುದಿಲ್ಲ.

ಕಾಗದಪತ್ರ ಎಲ್ಲಿ ಹುಡುಕಬೇಕು?

ಮೊದಲು ಜಿಲ್ಲಾಧಿಕಾರಿ ಕಚೇರಿ. 1964ರ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಲೈಸೆನ್ಸ್ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ಡಿ.ಸಿ. ಆ ಫೈಲಿನಲ್ಲಿ ಕಟ್ಟಡದ ನಕ್ಷೆ, ಆಸನಗಳ ಸಂಖ್ಯೆ, ಲೋಕೋಪಯೋಗಿ ಎಂಜಿನಿಯರರ ಪತ್ರ, ವಿದ್ಯುತ್ ಪರಿವೀಕ್ಷಕರ ಪತ್ರ ಇರುತ್ತವೆ. ಸಿಕ್ಕದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಖಾತೆಗೆ ಪಾಲಿಕೆ ಅಥವಾ ಪುರಸಭೆ, ಕ್ರಯಪತ್ರಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿ.

ಫೈಲಿನ ತಾರೀಕನ್ನೇ ಕಟ್ಟಡದ ವಯಸ್ಸು ಅಂತ ತಿಳಿಯಬೇಡಿ. ಲೈಸೆನ್ಸ್ ಮತ್ತೆ ಮತ್ತೆ ನವೀಕರಣ ಆಗುವ ವಸ್ತು, ಹಳೆಯದು ಗೆದ್ದಲಿಗೆ ಹೋಗಿ ಹೊಸದೇ ಮೊದಲಿನದು ಅನ್ನಿಸಿಬಿಡುತ್ತದೆ.

ಮನೆಯಲ್ಲಿ ಹಳೇ ಹ್ಯಾಂಡ್‌ಬಿಲ್ಲುಗಳಿವೆ, ವರ್ಷ ಹಾಕಿಲ್ಲ. ಕಂಡುಹಿಡಿಯಬಹುದಾ?

ಬಹುತೇಕ ಆಗುತ್ತದೆ, ಗೋಡೆಯ ಮೇಲಿನ ದರದ ಹಲಗೆಗೂ ಇದೇ ಉಪಾಯ.

ದರ ನೋಡಿ. ಬರೀ ಆಣೆಯಲ್ಲಿದ್ದರೆ ಹೆಚ್ಚಾಗಿ 1957ಕ್ಕೆ ಹಿಂದಿನದು, ದಶಮಾಂಶ ನಾಣ್ಯ ಬಂದಿದ್ದು ಆ ವರ್ಷದ ಏಪ್ರಿಲ್ 1ರಂದು. ‘ನಯಾ ಪೈಸೆ’ ಅಂತಿದ್ದರೆ 1957ರಿಂದ 1964ರ ನಡುವಿನದು ಅಂತ ಹೇಳಬಹುದು, ಆಮೇಲೆ ‘ನಯಾ’ ಬಿಟ್ಟುಹೋಯಿತು. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರಿಗೆ ಮುಂಚಿನದು. ವಿಳಾಸದಲ್ಲಿ 577201 ಅಂತ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನ ನಂತರದ್ದು. ಬೋರ್ಡಿನ ಇಂಗ್ಲಿಷ್ ಬರಹದಲ್ಲಿ ‘ಶಿಮೊಗಾ’ ಅಂತಿದ್ದರೆ ಅದರಿಂದ ಏನೂ ಹೊರಡುವುದಿಲ್ಲ, 2014ರವರೆಗೂ ಹಾಗೇ ಇತ್ತು.

ಈಗ ವಾರ, ತಾರೀಕು. ಹ್ಯಾಂಡ್‌ಬಿಲ್ಲಿನಲ್ಲಿ ‘ತಾ. 12 ಶುಕ್ರವಾರದಿಂದ’ ಅಂತ ತಿಂಗಳ ಸಮೇತ ಇರುತ್ತದೆ, ವರ್ಷ ಮಾತ್ರ ಇರುವುದಿಲ್ಲ. ಒಂದು ತಾರೀಕು ಅದೇ ವಾರಕ್ಕೆ ಬೀಳುವುದು ಐದು, ಆರು ಅಥವಾ ಹನ್ನೊಂದು ವರ್ಷಕ್ಕೊಮ್ಮೆ. ಚಿತ್ರ ಬಿಡುಗಡೆಯಾದ ವರ್ಷ ಗೊತ್ತಿದ್ದರೆ ಅದಕ್ಕೆ ಹತ್ತಿರದ ವರ್ಷ ಹಿಡಿದರೆ ಸಾಕು. ಸಣ್ಣ ಪೇಟೆಗೆ ಚಿತ್ರ ತಡವಾಗಿ ಬರುತ್ತಿತ್ತು ಅನ್ನುವುದು ನೆನಪಿರಲಿ, ಹಳೇ ಚಿತ್ರ ಮತ್ತೆ ಹಾಕುವುದೂ ಇತ್ತು.

ಕೊನೆಯದಾಗಿ ತೀರಾ ಕೆಳಗಿನ ಸಣ್ಣ ಅಕ್ಷರ. ಮುದ್ರಕರ ಹೆಸರು, ಊರು ಹಾಕಬೇಕು ಅಂತ 1867ರಿಂದಲೂ ಕಾನೂನು ಇತ್ತು. ಆ ಪ್ರೆಸ್ಸಿನವರ ಮನೆಯಲ್ಲಿ ಹಳೇ ಬಿಲ್ ಪುಸ್ತಕ ಇದ್ದರೆ ನಿಮ್ಮ ಅದೃಷ್ಟ. ಹ್ಯಾಂಡ್‌ಬಿಲ್ಲನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಎರಡೂ ಬದಿ ಫೋಟೋ ತೆಗೆದು, ಒಣಗಿದ ಕಾಗದದ ನಡುವೆ ಇಡಿ, ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ಗಾಳಿಗೆ ಹಾಕಿ.